ಕೊಬ್ಬರಿ ಚಿಪ್ಪಿನ ಇಂಗಾಲದಿಂದ ನೀರು ಸೋಸಿದ ನನ್ನ ಅನುಭವ

ತಿಪಟೂರು ಸೀಮೆಯ ನಮ್ಮ ಮನೆಯಲ್ಲಿ ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ಬಹುಪಾಲು ಹಂಡೆ ಒಲೆಗೇ ಹೋಗುತ್ತಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಮಳೆನೀರು ತುಂಬಿಸಿದ ಸಂಪಿನಲ್ಲಿ ಎಲೆ ಕೊಳೆತು ನೀರಿಗೆ ತೆಳು ಚಹಾದ ಬಣ್ಣವೂ ಮುಗ್ಗಲು ವಾಸನೆಯೂ ಬಂದ ವರ್ಷ, ಆ ಚಿಪ್ಪಿನಿಂದಲೇ ಸಕ್ರಿಯ ಇಂಗಾಲ, ಅಂದರೆ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿದ್ದು ಬಣ್ಣ, ವಾಸನೆಗಳನ್ನು ಹಿಡಿದುಕೊಳ್ಳುವ ಇದ್ದಿಲು, ಮಾಡಲು ಹೊರಟೆ.

ಮೊದಲ ಸಲ ದಾರಿ ತಪ್ಪಿತು. ಚಿಪ್ಪನ್ನು ಡ್ರಮ್ಮಿನಲ್ಲಿ ಸುಟ್ಟು, ಇದ್ದಿಲಾದ ಮೇಲೆ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಮತ್ತೆ ಕಾಯಿಸಿದೆ. ಎಷ್ಟು ಬಣ್ಣ ಹೀರುತ್ತದೆಂದು ನೋಡಲು, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರಿಗೆ ಅದನ್ನು ಹಾಕಿ ಅರ್ಧ ಗಂಟೆ ಕುಲುಕಿದರೂ ನೀಲಿ ಹೆಚ್ಚೇನೂ ಇಳಿಯಲಿಲ್ಲ. ಈ ಆಮ್ಲ ಕೆಲಸ ಮಾಡುವುದು ಸುಡದ ಚಿಪ್ಪಿನ ನಾರು ಮತ್ತು ಅದನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ವಸ್ತುವಿನ ಮೇಲೆ. ಒಮ್ಮೆ ಇದ್ದಿಲಾದ ವಸ್ತುವಿನಲ್ಲಿ ಅದಕ್ಕೆ ಹಿಡಿತ ಕಡಿಮೆ ಎಂಬುದು ಆಗ ಮನದಟ್ಟಾಯಿತು. ಇದ್ದಿಲಿಗಾದರೆ 800 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಉಷ್ಣತೆಯಲ್ಲಿ ಹಬೆ ಹಾಯಿಸಬೇಕು, ಅದು ನನ್ನ ಕೈಯಲ್ಲಿ ಆಗುವ ಮಾತಾಗಿರಲಿಲ್ಲ.

ಎರಡನೆಯ ಸಲ ಸುಡದ ಚಿಪ್ಪನ್ನೇ ಸಾಸಿವೆಗಿಂತ ತುಸು ದಪ್ಪನಾಗಿ ಕುಟ್ಟಿ ಜರಡಿ ಹಿಡಿದು, ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ, 110 ಡಿಗ್ರಿಯಲ್ಲಿ ಒಣಗಿಸಿ, ಮುಚ್ಚಿದ ಮೂಸೆಯಲ್ಲಿಟ್ಟು ಮಫಲ್ ಕುಲುಮೆಯಲ್ಲಿ (ಪ್ರಯೋಗಾಲಯದ ಮುಚ್ಚಿದ ಕುಲುಮೆ) 500 ಡಿಗ್ರಿಗೆ ಒಂದು ಗಂಟೆ ಕಾಯಿಸಿದೆ. ಹೊಗೆ ಕಟುವಾದದ್ದರಿಂದ ಇದು ಪ್ರಯೋಗಾಲಯದಲ್ಲಿ ಹೊಗೆಯನ್ನು ಹೊರಗೆಳೆಯುವ ಹೊಗೆಗೂಡಿನಲ್ಲಿ (ಫ್ಯೂಮ್ ಹುಡ್) ಮಾಡುವ ಕೆಲಸವೇ ಹೊರತು ಅಡುಗೆಮನೆಯದಲ್ಲ. ನಿಜವಾಗಿ ತಾಳ್ಮೆ ಬೇಡಿದ್ದು ತೊಳೆಯುವ ಹಂತ: ಬಿಸಿನೀರು ಹೊಯ್ದು ಬಸಿದಂತೆಲ್ಲ ಆಮ್ಲ ಕಾಳುಗಳ ಒಳರಂಧ್ರಗಳಿಂದ ನಿಧಾನವಾಗಿ ಹೊರಬರುತ್ತಲೇ ಇತ್ತು, ಬಸಿದ ನೀರಿನಲ್ಲಿ ನೀಲಿ ಲಿಟ್ಮಸ್ ಕಾಗದ ಕೆಂಪಾಗುವುದು ಎರಡು ದಿನ ನಿಲ್ಲಲಿಲ್ಲ. ಕೊನೆಗೆ ಅದೇ ಮೆಥಿಲೀನ್ ಬ್ಲೂ ಪರೀಕ್ಷೆ ಮಾಡಿದಾಗ, 50 ಮಿಲಿಲೀಟರ್ ಕಡುನೀಲಿ ನೀರು ಚಿಟಿಕೆ ಇಂಗಾಲದಿಂದ ಬಾವಿನೀರಿನಷ್ಟು ತಿಳಿಯಾಯಿತು. ವಿದ್ಯಾರ್ಥಿಗಳನ್ನು ಕರೆದು ತೋರಿಸಿದೆ.

ಎರಡು ಇಂಚಿನ ಪೈಪಿನಲ್ಲಿ, ಮೇಲೂ ಕೆಳಗೂ ತೊಳೆದ ಮರಳಿಟ್ಟು, ನಡುವೆ ಒಂದು ಅಡಿ ಇಂಗಾಲ ತುಂಬಿದೆ. ಒಂದು ಲೀಟರ್ ಇಳಿಯಲು ಹದಿನೈದು ನಿಮಿಷ ಹಿಡಿಯುವಂತೆ ನಲ್ಲಿ ತಿರುಗಿಸಿದರೆ ಸಂಪಿನ ನೀರಿನ ಬಣ್ಣವೂ ವಾಸನೆಯೂ ಹೋಗುತ್ತವೆ, ಬೇಗ ಬಿಟ್ಟರೆ ವಾಸನೆ ಉಳಿಯುತ್ತದೆ. ಇಂಗಾಲ ರೋಗಾಣುಗಳನ್ನು ಕೊಲ್ಲುವುದಿಲ್ಲ, ಅದರ ಮೇಲೆ ಅವು ಬೆಳೆಯಲೂಬಹುದು. ಆದ್ದರಿಂದ ಸೋಸಿದ ನೀರನ್ನು ಕುದಿಸಿಯೇ ಕುಡಿಯುತ್ತೇವೆ.

ಇದನ್ನು ಕೇಳಿದ ಪಾವಗಡ ಕಡೆಯ ಸಹೋದ್ಯೋಗಿಯೊಬ್ಬರು ತಮ್ಮೂರಿನ ಕೊಳವೆಬಾವಿ ನೀರನ್ನು ಬಾಟಲಿಯಲ್ಲಿ ತಂದುಕೊಟ್ಟರು. ಅದರಲ್ಲಿ ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ ಇತ್ತು, ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಗರಿಷ್ಠ ಮಿತಿಯೇ 1.5. ಸೋಸಿದ ಮೇಲೂ 2.0 ಬಂತು. "ಇದು ನಿಮ್ಮ ನೀರಿಗಾಗುವುದಿಲ್ಲ ಸರ್, ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ" ಎಂದು ಹೇಳುವಾಗ ಸಂಕಟವಾಯಿತು. ಫ್ಲೋರೈಡನ್ನೂ ಹಿಡಿದೀತೇ ಎಂದು ಈಗ ಅದೇ ಇಂಗಾಲಕ್ಕೆ ಅಲ್ಯೂಮಿನಿಯಂ ಇರುವ ಪಟಿಕದ ದ್ರಾವಣ ಹಿಡಿಸಿ ನೋಡುತ್ತಿದ್ದೇನೆ. ಅದರಿಂದ ನೀರಿಗೆ ಅಲ್ಯೂಮಿನಿಯಂ ಬಿಡುವುದಿಲ್ಲವೆಂದು ಖಚಿತವಾಗುವವರೆಗೆ ಯಾರ ಮನೆಗೂ ಕೊಡುವುದಿಲ್ಲ.