ಪೂರ್ವದವರು ಯಾಕೆ ಸುಮ್ಮನಿದ್ದರು? ಬ್ರಿಡ್ಜ್ ಮೇಜಿನ ನನ್ನ ಅನುಭವ

ಇಸ್ಪೀಟಿನಲ್ಲಿ ಮನಶ್ಶಾಸ್ತ್ರ ಎಂದೊಡನೆ ಹಲವರು ಎದುರಾಳಿಯ ಮುಖ ನೋಡಲು ಹೊರಡುತ್ತಾರೆ. ಹುಬ್ಬು ಏರಿತೇ, ಬೆರಳು ನಡುಗಿತೇ ಎಂದು ಹುಡುಕುತ್ತಾರೆ. ಬ್ರಿಡ್ಜ್ ಸ್ಪರ್ಧೆಗಳಲ್ಲಿ ಆಡುತ್ತ ಬಂದ ನನಗೆ ಮುಖದಿಂದ ಸಿಕ್ಕಿದ್ದು ತೀರಾ ಕಡಿಮೆ. ಸಿಕ್ಕಿದ್ದರಲ್ಲಿ ಹೆಚ್ಚಿನದು ಒಂದೇ ಪ್ರಶ್ನೆಯಿಂದ: ಇವರು ಮಾಡಬಹುದಾಗಿದ್ದ ಯಾವ ಕೆಲಸವನ್ನು ಮಾಡಲಿಲ್ಲ?

ರಮ್ಮಿ ಅಥವಾ ಇಪ್ಪತ್ತೆಂಟು ಆಡಿದವರಿಗೆ ಬ್ರಿಡ್ಜ್ ಬೇಗ ಅರ್ಥವಾಗುತ್ತದೆ. ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು, ತಲಾ 13 ಎಲೆ. ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಹೊಡೆಯುತ್ತೇವೆ, ಯಾವುದು ತುರುಪು ಎಂದು ಮೊದಲು ಕೂಗುತ್ತೇವೆ. ಕೂಗು ಗೆದ್ದ ಜೋಡಿಯಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಡಲಾಗುತ್ತದೆ, ಅದೇ ಡಮ್ಮಿ. ಸ್ಪರ್ಧೆಯಲ್ಲಿ ಅದೇ ಹಂಚಿಕೆ ಬೇರೆ ಮೇಜುಗಳಿಗೂ ಹೋಗುತ್ತದೆ. ನನ್ನ ಅಂಕ ಅದೇ ಎಲೆಗಳನ್ನು ಹಿಡಿದ ಇತರರ ಅಂಕದೊಂದಿಗೆ ತಾಳೆಯಾಗುತ್ತದೆ. ಹಾಗಾಗಿ ‘ಇವತ್ತು ಒಳ್ಳೆಯ ಎಲೆ ಬೀಳಲಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಈ ಆಟವನ್ನು ನಾನು ಇಷ್ಟು ಹಚ್ಚಿಕೊಂಡಿದ್ದು ಅದಕ್ಕೇ.

ನಾನು ಯೋಚಿಸುವ ರೀತಿಯನ್ನು ಒಂದು ಬೋರ್ಡಿನಲ್ಲೇ, ಅಂದರೆ ಒಂದು ಹಂಚಿಕೆಯ ಆಟದಲ್ಲೇ, ತೋರಿಸುತ್ತೇನೆ. ಕೂಗು ನಾಲ್ಕು ಇಸ್ಪೀಟು, ಅಂದರೆ ಇಸ್ಪೀಟು ಬಣ್ಣವೇ ತುರುಪು, ಹತ್ತು ಟ್ರಿಕ್ ಬೇಕು, ಮೂರು ಬಿಡಬಹುದು. ಮೇಜಿನ ನಾಲ್ಕು ಆಸನಗಳಿಗೆ ದಿಕ್ಕುಗಳ ಹೆಸರು; ಆಡುವವನು ನಾನು, ದಕ್ಷಿಣ. ತುರುಪಿನಲ್ಲಿ ನನ್ನ ಕೈಯಲ್ಲಿ ಎಕ್ಕ, ಗುಲಾಮ ಮತ್ತು ಎರಡು ಚಿಕ್ಕ ಎಲೆ. ಡಮ್ಮಿಯಲ್ಲಿ ರಾಜ, ಹತ್ತು ಮತ್ತು ಎರಡು ಚಿಕ್ಕವು. ಇಲ್ಲದಿರುವುದು ರಾಣಿ. ಅದು ಎಡಗಡೆಯ ಪಶ್ಚಿಮದವರ ಬಳಿ ಇದೆಯೋ ಬಲಗಡೆಯ ಪೂರ್ವದವರ ಬಳಿಯೋ ಗೊತ್ತಾದರೆ ಯಾರ ಕೈಯಿಂದಲಾದರೂ ಹಿಡಿಯಬಹುದು. ಗೊತ್ತಾಗದಿದ್ದರೆ ನಾಣ್ಯ ಚಿಮ್ಮಿದಂತೆ.

ನಾನು ತುರುಪನ್ನು ಕೂಡಲೇ ಮುಟ್ಟಲಿಲ್ಲ. ಪಶ್ಚಿಮದವರು ಆಟೀನು ಇಳಿಸಿದರು, ಪೂರ್ವದವರು ಎಕ್ಕ, ರಾಜ ಎರಡನ್ನೂ ಹೊಡೆದು ಕಳಾವರ್‌ಗೆ ತಿರುಗಿದರು. ಅದನ್ನು ಗೆದ್ದು ಡೈಮಂಡ್ ಆಡಿ ಡಮ್ಮಿಯಿಂದ ರಾಣಿ ಹಾಕಿದೆ. ಪೂರ್ವದವರು ರಾಜ ಹಾಕಿ ಗೆದ್ದರು. ಮೂರು ಟ್ರಿಕ್ ಹೋಯಿತು, ಇನ್ನು ಬಿಡುವಂತಿಲ್ಲ. ಆದರೆ ಕಳೆದುಕೊಂಡ ಆ ಟ್ರಿಕ್ಕೇ ನನಗೆ ದಾರಿ ತೋರಿಸಿತು. ಬ್ರಿಡ್ಜ್‌ನಲ್ಲಿ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಕೈಯ ಬಲ ಎಣಿಸುವುದು ರೂಢಿ. ಪೂರ್ವದವರು ಈಗಾಗಲೇ ಒಂದು ಎಕ್ಕ, ಎರಡು ರಾಜ ತೋರಿಸಿದ್ದರು, 10 ಆಯಿತು. ಇಸ್ಪೀಟು ರಾಣಿಯೂ ಇದ್ದಿದ್ದರೆ 12. ಎಲೆ ಹಂಚಿದವರು ಅವರೇ, ಮೊದಲ ಕೂಗಿನ ಸರದಿ ಅವರದ್ದೇ ಆಗಿತ್ತು, ಪಾಸ್ ಎಂದಿದ್ದರು. 12 ಹಿಡಿದು ಸುಮ್ಮನಿರುವ ಜಾಯಮಾನದವರಲ್ಲ ಅವರು. ಹಾಗಾದರೆ ರಾಣಿ ಪಶ್ಚಿಮದಲ್ಲಿದೆ.

ಕೈಯಿಂದ ಎಕ್ಕ ಆಡಿ, ಮತ್ತೊಂದು ಚಿಕ್ಕ ಎಲೆ ಇಳಿಸಿದೆ. ಪಶ್ಚಿಮದವರು ಚಿಕ್ಕದನ್ನೇ ಹಾಕಿದರು. ಡಮ್ಮಿಯಿಂದ ಹತ್ತು ಹಾಕಿದೆ, ಅದೇ ಗೆದ್ದಿತು. ಮುಂದಿನ ಸುತ್ತಿನಲ್ಲಿ ರಾಜನ ಕೆಳಗೆ ರಾಣಿ ಬಿತ್ತು. ಅಲ್ಲಿಯವರೆಗೆ ಯಾರ ಮುಖವನ್ನೂ ನಾನು ನೋಡಿರಲಿಲ್ಲ.

ಈ ಓದು ವ್ಯಕ್ತಿಯನ್ನು ಅವಲಂಬಿಸಿದೆ ಎಂಬುದನ್ನು ಮರೆಯಬಾರದು. ಅಳೆದು ತೂಗಿ ಕೂಗುವವರಿದ್ದಾರೆ, 11 ಸಿಕ್ಕರೂ ಮುನ್ನುಗ್ಗುವವರಿದ್ದಾರೆ. ಆದ್ದರಿಂದ ಹೊಸ ಮೇಜಿಗೆ ಹೋದಾಗ ಮೊದಲ ಒಂದೆರಡು ಬೋರ್ಡುಗಳಲ್ಲಿ ನಾನು ಎಲೆಗಳ ಜೊತೆಗೆ ಅವರ ಕೂಗಿನ ಧೈರ್ಯವನ್ನೂ ಅಳೆಯುತ್ತೇನೆ.

ಇನ್ನು ನನ್ನ ಕಡೆಯಿಂದ ಸುದ್ದಿ ಹೊರಗೆ ಹೋಗದಂತೆ ನೋಡಿಕೊಳ್ಳಬೇಕಲ್ಲ. ಯೋಚಿಸಲು ಏನೂ ಇಲ್ಲದಿದ್ದರೂ ಯೋಚಿಸಿದಂತೆ ನಟಿಸಿ ಎದುರಾಳಿಯನ್ನು ದಾರಿ ತಪ್ಪಿಸುವುದು ನಿಯಮಕ್ಕೆ ವಿರುದ್ಧ. ಜೊತೆಗಾರ ತಡವರಿಸಿದ್ದನ್ನು ನೋಡಿ ನಾನು ಲಾಭ ಪಡೆಯುವುದೂ ನಿಷಿದ್ಧ. ಈ ನಿಯಮವನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ; ಇದಿಲ್ಲದಿದ್ದರೆ ಆಟ ಬರೀ ನಾಟಕವಾಗುತ್ತಿತ್ತು. ವಿಶ್ವ ಚಾಂಪಿಯನ್‌ಷಿಪ್ ಆದ ಬರ್ಮುಡಾ ಬೌಲ್‌ನಲ್ಲಿ 1975ರಲ್ಲಿ ಜೊತೆಗಾರರ ನಡುವೆ ಪರದೆಯನ್ನೇ ಕಟ್ಟಿದರು. ಸಾಮಾನ್ಯ ಮೇಜಿನಲ್ಲಿ ಪರದೆಯಿಲ್ಲ, ಹಾಗಾಗಿ ನಾನು ವೇಗವನ್ನು ಸಮವಾಗಿಡುತ್ತೇನೆ. ಡಮ್ಮಿ ಬಿಚ್ಚಿದೊಡನೆ, ಯಾರೂ ಆಡುವ ಮುನ್ನವೇ, ಮುಂದೆ ಬರಬಹುದಾದ ಕಷ್ಟದ ಆಯ್ಕೆಗಳನ್ನು ತೀರ್ಮಾನಿಸಿಕೊಂಡಿರುತ್ತೇನೆ. ಮೇಲಿನ ಬೋರ್ಡಿನ ಪಶ್ಚಿಮದವರೂ ಹಾಗೆಯೇ ತಡವರಿಸದೆ ಎಲೆ ಇಳಿಸಿದರು. ಅವರ ಮೇಲೆ ನನಗೆ ಗೌರವ ಮೂಡಿತು.

ಎಲೆಯಿಂದಲೇ ಮರೆಮಾಚಲು ಮಾತ್ರ ಪೂರ್ಣ ಅವಕಾಶವಿದೆ. ನಾನು ಪಾಲಿಸುವ ಸೂತ್ರ ಇದು: ನನ್ನಲ್ಲಿದೆ ಎಂದು ಎದುರಾಳಿಗೆ ಆಗಲೇ ಗೊತ್ತಾಗಿರುವ ಎಲೆಯನ್ನು ಮೊದಲು ಬಿಡಬೇಕು. ನನ್ನಲ್ಲಿ ರಾಣಿ, ಹತ್ತು ಮತ್ತೊಂದು ಚಿಕ್ಕ ಎಲೆ ಇದ್ದು, ಎದುರಾಳಿಯ ಗುಲಾಮ ಗೆದ್ದಾಗಲೇ ರಾಣಿ ನನ್ನಲ್ಲಿದೆ ಎಂದು ಅವರಿಗೆ ಖಾತರಿಯಾಗಿದ್ದರೆ, ಮುಂದಿನ ಎಕ್ಕದ ಕೆಳಗೆ ರಾಣಿಯನ್ನೇ ಹಾಕುತ್ತೇನೆ. ಅದು ಹೇಗೂ ಸಾಯುವ ಎಲೆ. ಆದರೆ ಹತ್ತು ಯಾರಲ್ಲಿದೆ ಎಂಬ ಅನುಮಾನ ಅವರಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ ನಾನು ಅತಿ ಹೆಚ್ಚು ಕಾಪಾಡುವುದು ಜೊತೆಗಾರರ ಮನಸ್ಸನ್ನು. ಬೋರ್ಡು ಕೆಟ್ಟರೆ ಮೇಜಿನಲ್ಲಿ ಒಂದು ಮಾತೂ ಆಡುವುದಿಲ್ಲ, ನಿಟ್ಟುಸಿರೂ ಬಿಡುವುದಿಲ್ಲ. ಎದುರಿನ ಜೋಡಿ ಪರಸ್ಪರ ದೂರಲು ಶುರುಮಾಡಿದರೆ ಮುಂದಿನ ಬೋರ್ಡಿನಲ್ಲಿ ಅವರಲ್ಲೊಬ್ಬರು ಕಳೆದ ಅಂಕವನ್ನು ಒಂದೇ ಏಟಿಗೆ ವಾಪಸು ತರಲು ಹೊರಟು ಅತಿಯಾಗಿ ಕೂಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ನಾವು ಡಬಲ್, ಅಂದರೆ ಅವರು ಸೋತರೆ ದಂಡ ಹೆಚ್ಚಿಸುವ ಕೂಗು, ಕೂಗಲು ಸಿದ್ಧರಿರುತ್ತೇವೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಬ್ರಿಡ್ಜ್ ಮೊದಲ ಬಾರಿ ಸೇರಿದಾಗ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದವರು ನಮ್ಮ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಆಗ ಅವರಿಗೆ 60 ಮತ್ತು 56 ವರ್ಷ. ಈ ಆಟದಲ್ಲಿ ವರ್ಷಗಟ್ಟಲೆ ಬೆಳೆದ ನಂಬಿಕೆಗೆ ಎಷ್ಟು ಬೆಲೆಯಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಜೋಡಿಯ ಹೆಸರನ್ನು.

ಚರ್ಚೆಯೆಲ್ಲ ಆಟ ಮುಗಿದ ಮೇಲೆ, ಹಂಚಿಕೆಗಳನ್ನು ಮುದ್ರಿಸಿದ ಹಾಳೆ ಕೈಗೆ ಬಂದ ಮೇಲೆ. ‘ಅದನ್ನು ಯಾಕೆ ಆಡಿದಿರಿ’ ಎಂದು ನಾವು ಕೇಳಿಕೊಳ್ಳುವುದಿಲ್ಲ. ‘ಆಗ ನಿಮಗೆ ಏನು ಕಂಡಿತ್ತು’ ಎಂದು ಕೇಳುತ್ತೇವೆ. ಒಂದೇ ಕೂಗಿಗೆ ಇಬ್ಬರೂ ಬೇರೆ ಬೇರೆ ಅರ್ಥ ಹಚ್ಚಿದ ಬೋರ್ಡುಗಳಿಗೆ ಗುರುತು ಹಾಕಿ, ಒಪ್ಪಂದವನ್ನು ಅಂದೇ ತಿದ್ದಿ, ನಮ್ಮ ಕೂಗುಗಳ ಅರ್ಥ ಬರೆದಿಡುವ ಕನ್ವೆನ್ಷನ್ ಕಾರ್ಡಿನಲ್ಲಿ ಬರೆಯುತ್ತೇವೆ. ಆ ಕಾರ್ಡನ್ನು ನೋಡುವ ಹಕ್ಕು ಎದುರಾಳಿಗಳಿಗೂ ಇದೆ.