ಭಾಗ್ಯಳ ಸೂಟಿಗೆ ಜಿಪ್ ಎಲ್ಲಿ?

ಹೆಣ್ಣು ಸೂಪರ್‌ಹೀರೋ ಇರುವ ಕನ್ನಡ ಕಾಮಿಕ್ಸ್ ಮಾಡುತ್ತಿದ್ದೇನೆ ಅಂದರೆ ಜನ ಕೇಳುವುದು ಎರಡೇ. ಅವಳಿಗೆ ಏನು ಶಕ್ತಿ? ಡ್ರೆಸ್ ಹೇಗಿದೆ? ಎರಡೂ ಬೇಕಾದ ಪ್ರಶ್ನೆಗಳೇ, ಬಿಡಿ. ಆದರೆ 24 ಪುಟ ಬರೆದು, ಬಿಡಿಸಿ, ಅಚ್ಚು ಹಾಕಿಸುವಷ್ಟರಲ್ಲಿ ನನ್ನ ತಲೆ ತಿಂದಿದ್ದು ಮೂರನೆಯ ಪ್ರಶ್ನೆ. ಮುಂದಿನ ಚೌಕದಲ್ಲಿ, ಅಂದರೆ ಪುಟದ ಮುಂದಿನ ಚಿತ್ರದಲ್ಲಿ, ಏನಾಗಬೇಕು ಅಂತ ತೀರ್ಮಾನ ಮಾಡೋದು ಯಾರು? ಅವಳಾ, ಬೇರೆ ಯಾರೋನಾ? ನಾಯಕಿ ಪುಟದಲ್ಲಿ ದೊಡ್ಡವಳಾಗಿ ಕಾಣುವುದು ಅಥವಾ ಮೂಲೆಗೆ ಸರಿಯುವುದು ಇದರ ಮೇಲೆಯೇ ನಿಂತಿದೆ ಅಂತ ನನ್ನ ಅನುಭವ.

ನಾನು ಹೊಟ್ಟೆಪಾಡಿಗೆ ಡಿಸೈನರ್. ಹಗಲು ಲೇಬಲ್, ಬ್ರೋಷರ್, ಪ್ಯಾಕೆಟ್. ರಾತ್ರಿ ರಾಜಾಜಿನಗರದ ಮನೆಯ ಊಟದ ಮೇಜಿನ ಮೇಲೆ ಕಾಮಿಕ್ಸ್. ಚಿಕ್ಕವಳಿದ್ದಾಗ ಓದಿದ್ದು ಬಾಲಮಂಗಳ. ಅದರಲ್ಲಿ ಎಲ್ಲರಿಗಿಂತ ಬಲಶಾಲಿ ಡಿಂಗ, ಅಂದರೆ ಒಂದು ಇಲಿ. ಇಲಿ ಆಕಾಶದಲ್ಲಿ ಹಾರಿದರೂ ನಂಬುತ್ತಿದ್ದೆ. ಒಬ್ಬ ಹುಡುಗಿ ಯಾಕೆ ಹಾರಬಾರದು ಅಂತ ಹೊಳೆಯಲೇ ಇಲ್ಲ ನೋಡಿ. ವಂಡರ್ ವುಮನ್ ಕೈಗೆ ಸಿಕ್ಕಿದ್ದು ಕಾಲೇಜಿಗೆ ಬಂದ ಮೇಲೆ, ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನ ಹಳೇ ಪುಸ್ತಕಗಳ ನಡುವೆ.

ಕೆಲಸಕ್ಕೆ ಕೂರುವ ಮೊದಲು ಹಿರಿಯಕ್ಕಂದಿರ ಚರಿತ್ರೆಯನ್ನೆಲ್ಲ ಒಂದು ಸುತ್ತು ನೋಡಿಕೊಂಡೆ. ವಂಡರ್ ವುಮನ್ ಬಂದಿದ್ದು 1941ರ ಕೊನೆಗೆ, ಆಲ್ ಸ್ಟಾರ್ ಕಾಮಿಕ್ಸ್‌ನ 8ನೇ ಸಂಚಿಕೆಯಲ್ಲಿ. ಕಥೆ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞರದು, ಚಿತ್ರ ಎಚ್. ಜಿ. ಪೀಟರ್ ಅವರದು. ಗುಂಡನ್ನು ಕೈಬಳೆಯಿಂದ ತಡೆಯುವ ಹೆಣ್ಣು. ಮರುವರ್ಷವೇ ಅವಳನ್ನು ಜಸ್ಟಿಸ್ ಸೊಸೈಟಿ ಅನ್ನುವ ಸೂಪರ್‌ಹೀರೋಗಳ ಸಂಘಕ್ಕೆ ಸೇರಿಸಿಕೊಂಡರು. ಯಾವ ಹುದ್ದೆಗೆ ಅಂತೀರಾ? ಸೆಕ್ರೆಟರಿ! ಗಂಡಸರು ಯುದ್ಧಕ್ಕೆ ಹೋಗಬೇಕು, ಇವಳು ಮೀಟಿಂಗ್ ವಿವರ ಬರೆದಿಡಬೇಕು. ಇದನ್ನು ಆಫೀಸಿನ ಗೆಳತಿಯರಿಗೆ ಹೇಳಿದೆ. ಒಬ್ಬರಿಗೂ ಆಶ್ಚರ್ಯ ಆಗಲಿಲ್ಲ.

1961ರಲ್ಲಿ ಫೆಂಟಾಸ್ಟಿಕ್ ಫೋರ್ ಅನ್ನುವ ನಾಲ್ವರ ತಂಡ ಬಂತು. ಅದರ ಒಬ್ಬಳೇ ಹೆಣ್ಣು ಸೂ ಸ್ಟಾರ್ಮ್‌ಗೆ ಸಿಕ್ಕ ಶಕ್ತಿ, ಯಾರ ಕಣ್ಣಿಗೂ ಕಾಣದ ಹಾಗೆ ಆಗುವುದು. ಮದುವೆಯಾಗಿ ಮಗುವಾದ ಮೇಲೂ ಅವಳು ಇನ್‌ವಿಸಿಬಲ್ ಗರ್ಲ್. ಇನ್‌ವಿಸಿಬಲ್ ವುಮನ್ ಆಗಿದ್ದು 1985ರಲ್ಲಿ. ಇನ್ನು 1968ರಲ್ಲಿ ವಂಡರ್ ವುಮನ್‌ನ ಶಕ್ತಿಯನ್ನೇ ಕಿತ್ತುಕೊಂಡು ಅವಳಿಗೊಂದು ಬಟ್ಟೆ ಅಂಗಡಿ ಇಟ್ಟುಕೊಟ್ಟರು. 1972ರಲ್ಲಿ ಮಿಸ್ ಅನ್ನುವ ಸ್ತ್ರೀವಾದಿ ಪತ್ರಿಕೆ ಹಳೆಯ ವೇಷದ ವಂಡರ್ ವುಮನ್‌ನನ್ನು ಮುಖಪುಟಕ್ಕೆ ಹಾಕಿತು. ಮರುವರ್ಷ ಶಕ್ತಿ ವಾಪಸ್ ಬಂತು.

ಇವೆಲ್ಲಕ್ಕಿಂತ ನನಗೆ ಪಾಠ ಆಗಿದ್ದು ಎಕ್ಸ್-ಮೆನ್ ಅನ್ನುವ ಸೂಪರ್‌ಹೀರೋ ತಂಡದ ಸ್ಟಾರ್ಮ್. ಸೂ ಸ್ಟಾರ್ಮ್ ಬೇರೆ, ಇವಳು ಬೇರೆ. 1986ರ ಒಂದು ಸಂಚಿಕೆಯಲ್ಲಿ ತಂಡಕ್ಕೆ ಯಾರು ನಾಯಕರು ಅಂತ ಅವಳಿಗೂ ಸೈಕ್ಲಾಪ್ಸ್‌ಗೂ ಪಂದ್ಯ ನಡೆಯುತ್ತದೆ. ಅಷ್ಟು ಹೊತ್ತಿಗೆ ಅವಳ ಮಳೆ ಗಾಳಿ ಮಿಂಚಿನ ಶಕ್ತಿ ಹೋಗಿಯಾಗಿತ್ತು. ಬರಿಗೈ. ಆದರೂ ಗೆಲ್ಲುತ್ತಾಳೆ, ನಾಯಕಿಯಾಗುತ್ತಾಳೆ. ಶಕ್ತಿ ಇಲ್ಲದ ಆ ಪುಟಗಳಲ್ಲಿ ಅವಳು ಕಾಣುವಷ್ಟು ದೊಡ್ಡದಾಗಿ, ಶಕ್ತಿ ಇಟ್ಟುಕೊಂಡ ಎಷ್ಟೋ ನಾಯಕಿಯರು ಕಾಣುವುದಿಲ್ಲ. ಆಟ ಅವಳ ಕೈಯಲ್ಲಿರುತ್ತದೆ, ಅದಕ್ಕೆ.

ಸರಿ, ನನ್ನ ನಾಯಕಿ ಯಾರಾಗಬೇಕು? ಮೊದಲು ತಲೆಗೆ ಬರುವುದು ದೇವಿ. ನಮ್ಮ ಊರಿಗೆ ಹೆಣ್ಣಿನ ಶಕ್ತಿ ಹೊಸದೇನಲ್ಲ. ಬೆಂಗಳೂರು ಕರಗ ನೋಡಿ, ಅಲ್ಲಿ ದ್ರೌಪದಿಯೇ ಶಕ್ತಿ. ತಿಮಿರಾಸುರನ ಮೇಲೆ ಯುದ್ಧಕ್ಕೆ ವೀರಕುಮಾರರನ್ನು ಹುಟ್ಟಿಸಿದವಳು ಅವಳೇ ಅನ್ನುತ್ತಾರೆ. ಆದರೆ ದೇವಿಗೆ ಮನೆ ಬಾಡಿಗೆ ಇರುವುದಿಲ್ಲ. ಅನುಮಾನವೂ ಇರುವುದಿಲ್ಲ. ನಾವು ಕೈ ಮುಗಿದು ದೂರ ನಿಲ್ಲುತ್ತೇವೆ. ನನಗೆ ಪಕ್ಕದಲ್ಲಿ ಬಸ್ಸಿಗೆ ಕಾಯುವವಳು ಬೇಕಿತ್ತು.

ಹಾಗೆ ಬಂದವಳು ಭಾಗ್ಯ. ಊರು ಮಾಗಡಿ ಕಡೆ. ಲಗ್ಗೆರೆಯಲ್ಲಿ ಬಾಡಿಗೆ ರೂಮು, ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಇದಕ್ಕೆ ಕಾರಣ 2016ರ ಏಪ್ರಿಲ್. ಪಿಎಫ್‌ನಲ್ಲಿ ಕಂಪನಿಯ ಪಾಲಿನ ದುಡ್ಡನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. 18 ಮತ್ತು 19ನೇ ತಾರೀಖು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತೇ ಹೋಯಿತು. ಎರಡನೇ ದಿನ ಗಲಾಟೆ, ಕಲ್ಲು, ಲಾಠಿ. ಅವತ್ತೇ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರನ್ನು ಕರೆದುಕೊಂಡು ಬಂದ ದೊಡ್ಡ ನಾಯಕ ಅಂತ ಯಾರೂ ಇರಲಿಲ್ಲ. ಸೂಪರ್‌ಹೀರೋ ಕಥೆಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಭಾಗ್ಯಳ ಶಕ್ತಿಯೂ ಅಲ್ಲಿಂದಲೇ ಬಂತು. ಓಡುತ್ತಿರುವ ಯಾವುದನ್ನು ಮುಟ್ಟಿದರೂ ಅದು ನಿಲ್ಲುತ್ತದೆ. ಮೆಷಿನ್, ಲಾರಿ, ಬೀಳುತ್ತಿರುವ ಕಬ್ಬಿಣ, ಏನೇ ಇರಲಿ. "ಬೆಂಗಳೂರಲ್ಲಿ ಎಲ್ಲಾ ನಿಂತೇ ಇರುತ್ತಲ್ಲೇ, ಅದಕ್ಕೆ ಶಕ್ತಿ ಬೇರೆ ಬೇಕಾ?" ಅಂದ ನನ್ನ ತಮ್ಮ. ಟ್ರಾಫಿಕ್ ಜಾಮಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜೋಕನ್ನು ಪುಟ 3ಕ್ಕೆ ಹಾಕಿಕೊಂಡೆ, ಯಾಕೆ ಬಿಡಬೇಕು. ಶಕ್ತಿಗೊಂದು ಬೆಲೆಯನ್ನೂ ಇಟ್ಟೆ. ಎಷ್ಟು ಹೊತ್ತು ತಡೆದು ಹಿಡಿಯುತ್ತಾಳೋ ಆಮೇಲೆ ಅಷ್ಟು ಹೊತ್ತು ಆ ಕೈ ಮರಗಟ್ಟುತ್ತದೆ. ಹೊಲಿದು ಬದುಕುವವಳಿಗೆ ಕೈ ಅಂದರೆ ಸಂಬಳ. ಹಾಗಾಗಿ ಪ್ರತಿ ಸಲ ಮುಟ್ಟುವ ಮೊದಲು ಅವಳು ಯೋಚನೆ ಮಾಡಲೇಬೇಕು. ತೀರ್ಮಾನ ತಾನಾಗಿಯೇ ಅವಳದಾಗುತ್ತದೆ.

ಈ ಹಂತದಲ್ಲಿ ಕಥೆಯನ್ನು ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಒಳ್ಳೆಯವರೇ. "ಎಲ್ಲಾ ಸರಿ ಅಮ್ಮಾ, ಆದ್ರೆ ಇವಳಿಗೆ ಒಂದು ನೋವು ಬೇಕಲ್ವಾ? ಏನಾದ್ರೂ ದೌರ್ಜನ್ಯ ಆಗ್ಲಿ, ಇಲ್ಲಾ ಗಂಡ ಸಾಯ್ಲಿ" ಅಂದರು. ಅವರು ಇದನ್ನು ಹೊಸದಾಗಿ ಹುಟ್ಟಿಸಿದ್ದೇನಲ್ಲ. 1988ರ ಒಂದು ಬ್ಯಾಟ್‌ಮನ್ ಕಥೆಯಲ್ಲಿ ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್‌ಗೆ ಗುಂಡು ಬಿತ್ತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕಥೆಗೆ ಬೇಕಾಗಿದ್ದದ್ದು ಮಾತ್ರ ಅವಳ ಅಪ್ಪನ ಸಂಕಟ, ಬ್ಯಾಟ್‌ಮನ್‌ನ ಸಿಟ್ಟು. 1994ರಲ್ಲಿ ಗ್ರೀನ್ ಲ್ಯಾಂಟರ್ನ್‌ಗೆ ತನ್ನ ಗೆಳತಿಯ ಹೆಣ ಫ್ರಿಜ್ಜಿನಲ್ಲಿ ಸಿಗುತ್ತದೆ. ಇಂಥವನ್ನೆಲ್ಲ 1999ರಲ್ಲಿ ಗೇಲ್ ಸಿಮೋನ್ ಎಂಬ ಕಾಮಿಕ್ಸ್ ಅಭಿಮಾನಿ ಪಟ್ಟಿ ಮಾಡಿದರು. ಸತ್ತವರು, ಅಂಗ ಊನವಾದವರು, ಶಕ್ತಿ ಕಳೆದುಕೊಂಡವರು, ಹೆಸರಿನ ಮೇಲೆ ಹೆಸರು. ಪಟ್ಟಿಗೆ ಆ ಫ್ರಿಜ್ಜಿನ ಹೆಸರನ್ನೇ ಇಟ್ಟರು. ಅದೇ ಗೇಲ್ ಸಿಮೋನ್ 2007ರಿಂದ ವಂಡರ್ ವುಮನ್ ಬರೆದರು. ಬಾರ್ಬರಾಳನ್ನು ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಎಂಬ ಲೇಖಕರು ಎತ್ತಿ ನಿಲ್ಲಿಸಿದರು. ಅವರ ಕಥೆಯಲ್ಲಿ ಅವಳು ಗಾಲಿಕುರ್ಚಿಯ ಮೇಲೆ ಕಂಪ್ಯೂಟರ್ ಮುಂದೆ ಕೂರುವ ಆರಕಲ್. ಎಲ್ಲ ಹೀರೋಗಳೂ ಮಾಹಿತಿಗೆ ಅವಳ ಹತ್ತಿರವೇ ಬರಬೇಕು.

ನಮ್ಮಲ್ಲೂ 2014ರಲ್ಲಿ ಪ್ರಿಯಾಸ್ ಶಕ್ತಿ ಬಂತು. ಅತ್ಯಾಚಾರದಿಂದ ಪಾರಾದ ಹುಡುಗಿ ಪಾರ್ವತಿಯ ಪ್ರೇರಣೆಯಿಂದ ಹುಲಿ ಏರಿ ಊರಿಗೆ ಮರಳುತ್ತಾಳೆ. ಬೇಕಾಗಿದ್ದ ಪುಸ್ತಕ ಅದು, ಗೌರವವಿದೆ. ಆದರೆ ಪ್ರತಿ ಹೆಣ್ಣೂ ಹೀರೋ ಆಗುವ ಮೊದಲು ಅಷ್ಟು ಬೆಲೆ ಕೊಡಲೇಬೇಕಾ? ಸ್ಪೈಡರ್‌ಮ್ಯಾನ್ ಆಗಲು ಪೀಟರ್ ಪಾರ್ಕರ್‌ಗೆ ಒಂದು ಜೇಡ ಕಚ್ಚಿದರೆ ಸಾಕಾಯಿತು. ಭಾಗ್ಯಳಿಗೆ ಶಕ್ತಿ ಬರುವುದು ಮೆಷಿನ್ನಿನಲ್ಲಿ ಶಾಕ್ ಹೊಡೆದು. ಯಾರೂ ಸಾಯಲಿಲ್ಲ. ಪ್ರಕಾಶಕರು ಪುಸ್ತಕ ತೆಗೆದುಕೊಳ್ಳಲಿಲ್ಲ, ನಾನೇ ಅಚ್ಚು ಹಾಕಿಸಿದೆ.

ಇನ್ನು ಡ್ರೆಸ್. ನಮ್ಮ ಬೀದಿಯಲ್ಲಿ ಹೊಲಿಗೆ ಹಾಕುವ ಅಕ್ಕ ಒಬ್ಬರಿದ್ದಾರೆ. ಹಿಂದೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಲೈನ್ ಹೇಗಿರುತ್ತದೆ, ಟಾರ್ಗೆಟ್ ಬೋರ್ಡ್ ಎಲ್ಲಿ ನೇತು ಹಾಕುತ್ತಾರೆ, ಹೆಲ್ಪರ್ ಏನು ಮಾಡುತ್ತಾಳೆ, ಎಲ್ಲ ಅವರಿಂದಲೇ ಕೇಳಿ ತಿಳಿದುಕೊಂಡೆ. ಮಾಮೂಲಿ ಸೂಪರ್‌ಹೀರೋ ಸೂಟಿನ ಒಂದಷ್ಟು ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಚೆನ್ನಾಗೈತೆ ಮೇಡಂ. ಇದನ್ನ ಹಾಕ್ಕೊಳ್ಳೋದು ಹೆಂಗೆ? ಜಿಪ್ ಎಲ್ಲೈತೆ?" ಅಂದರು. ಎಲ್ಲೂ ಇರಲಿಲ್ಲ. "ಕೈ ಮೇಲೆತ್ತಿದ್ರೆ ಕಂಕುಳಲ್ಲಿ ಪರ್ ಅಂತ ಹರಿಯುತ್ತೆ. ಇಲ್ಲೊಂದು ತುಂಡು ಬಟ್ಟೆ ಸೇರಿಸ್ಬೇಕು." ನನ್ನ ಪೆನ್ಸಿಲ್ ಇಸಿದುಕೊಂಡು ಅವರೇ ಗೆರೆ ಎಳೆದು ತೋರಿಸಿದರು.

ಆ ಗೆರೆಯ ಮೇಲೆಯೇ ಭಾಗ್ಯಳ ಸೂಟು ನಿಂತಿದೆ. ಅವಳು ಟೈಲರ್ ತಾನೇ, ತನ್ನದನ್ನು ತಾನೇ ಹೊಲಿದುಕೊಳ್ಳುತ್ತಾಳೆ. ಬಟ್ಟೆ ಚಿಕ್ಕಪೇಟೆಯ ಕಟ್‌ಪೀಸ್, ಫ್ಯಾಕ್ಟರಿಯದಲ್ಲ, ಗೇಟಿನಲ್ಲಿ ಚೆಕಿಂಗ್ ಇರುತ್ತದಲ್ಲ. ಪಕ್ಕದಲ್ಲಿ ಜಿಪ್, ಎರಡು ಜೇಬು, ಕಂಕುಳ ಕೆಳಗೆ ಆ ತುಂಡು. ಅದನ್ನು ಬೇರೆ ಬಣ್ಣದಲ್ಲೇ ಬಿಟ್ಟೆ. ಕೈ ಎತ್ತಿದಾಗ ಮಾತ್ರ ಕಾಣುವ ಹಳದಿ, ಅವಳ ಗುರುತು ಆಗಿಹೋಯಿತು. ಮುಖ ಮರೆಸಲು ಮಾಸ್ಕ್ ಬೇಕಾಗಲೇ ಇಲ್ಲ. ಧೂಳಿಗೆ ಹೆದರಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ನಮ್ಮ ಊರಲ್ಲಿ ಎಷ್ಟು ಜನ ಇದ್ದಾರೆ! ಅವರ ನಡುವೆ ಭಾಗ್ಯಳನ್ನು ಯಾರು ಹುಡುಕುತ್ತಾರೆ?

ಡ್ರೆಸ್ ವಿಷಯದಲ್ಲಿ ಅಮೆರಿಕದವರೂ ಈಚೆಗೆ ಸುಧಾರಿಸಿದ್ದಾರೆ ಅನ್ನಬೇಕು. ಕಪ್ಪು ಈಜುಡುಗೆಯಂಥದ್ದರಲ್ಲಿ ವರ್ಷಗಟ್ಟಲೆ ಹಾರಾಡಿದ ಕ್ಯಾರಲ್ ಡ್ಯಾನ್ವರ್ಸ್, 2012ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಆದಾಗ ಪೈಲಟ್‌ಗಳ ಸೂಟು ಹಾಕಿದಳು. 2014ರ ಮಿಸ್ ಮಾರ್ವೆಲ್ ಕಮಲಾ ಖಾನ್ ತನ್ನ ಬುರ್ಕಿನಿಯನ್ನೇ, ಅಂದರೆ ಮೈ ಪೂರ್ತಿ ಮುಚ್ಚುವ ಈಜುಡುಗೆಯನ್ನೇ, ಸೂಟು ಮಾಡಿಕೊಂಡಳು. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ. ಮನೆಯಲ್ಲಿ ಏನು ಸಿಗುತ್ತದೋ ಅದರಲ್ಲೇ ಹೀರೋ ಆಗುವುದು ನನಗೆ ಬಹಳ ಹಿಡಿಸಿತು.

ಬಟ್ಟೆಗಿಂತ ಜಾಸ್ತಿ ಕಷ್ಟ ನಿಲ್ಲುವ ಭಂಗಿಯದು. ಬೆನ್ನು ತಿರುಚಿ, ಎದೆ ಮತ್ತು ಹಿಂಭಾಗ ಎರಡೂ ಒಟ್ಟಿಗೆ ಓದುಗರ ಕಡೆ ತಿರುಗುವ ಆ ಭಂಗಿ ಗೊತ್ತಲ್ಲ? 2012ರಲ್ಲಿ ಕೆಲವು ಕಲಾವಿದರು ಅದೇ ಭಂಗಿಗಳಲ್ಲಿ ಹಾಕ್‌ಐ ಎಂಬ ಗಂಡು ಹೀರೋನನ್ನು ಬಿಡಿಸಿ ನಗಾಡಿದರು. ನಾನು ತಮ್ಮನನ್ನೇ ತಾರಸಿಗೆ ಕರೆದುಕೊಂಡು ಹೋಗಿ ಹಾಗೆ ನಿಲ್ಲು ಅಂದೆ. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಂಡು ಕೂತ. ಅವತ್ತಿನಿಂದ ಭಾಗ್ಯಳ ಪ್ರತಿ ಭಂಗಿಯೂ ಅವನಿಂದ ಪಾಸಾಗಬೇಕು. ತಲೆ ಕತ್ತರಿಸಿ ಮೈ ಮಾತ್ರ ತೋರಿಸುವ ಚೌಕ ಇರಕೂಡದು ಅಂತಲೂ ಗೋಡೆಗೆ ಬರೆದು ಅಂಟಿಸಿದೆ.

ಈಗ ಪುಟ 17ಕ್ಕೆ ಬರೋಣ. ಇಡೀ ಪುಸ್ತಕದಲ್ಲಿ ನಾನು ಹೆಚ್ಚು ಹೊತ್ತು ಕೂತಿದ್ದು ಅಲ್ಲಿಯೇ. ಫ್ಯಾಕ್ಟರಿಯ ಸಾಮಾನು ಸಾಗಿಸುವ ಲಿಫ್ಟ್ ಹಗ್ಗ ಹರಿದು ಬೀಳುತ್ತದೆ. ಒಳಗೆ ಒಬ್ಬ ಹೆಲ್ಪರ್ ಹುಡುಗಿ. ಪುಟಕ್ಕೆ ನಾನು ಯಾವಾಗಲೂ ಎರಡು ಕಚ್ಚಾ ನಕ್ಷೆ ಮಾಡುತ್ತೇನೆ, ಬೆಂಕಿಪೊಟ್ಟಣದಷ್ಟು ಚಿಕ್ಕದು. ಮೊದಲನೆಯದರಲ್ಲಿ ಆರು ಚೌಕ. ಲಿಫ್ಟ್ ಬೀಳುತ್ತದೆ. ಸೂಪರ್‌ವೈಸರ್ ಕಿರುಚುತ್ತಾನೆ. ಜನ ಓಡುತ್ತಾರೆ. ದೊಡ್ಡ ಚೌಕದಲ್ಲಿ ಭಾಗ್ಯ ಲಿಫ್ಟ್ ಹಿಡಿದು ನಿಂತಿದ್ದಾಳೆ, ಕೂದಲು ಹಾರುತ್ತಿದೆ. ಸೂಪರ್‌ವೈಸರ್ ಬಾಯಿ ಬಿಟ್ಟು ನೋಡುತ್ತಾನೆ. ಜನ ಚಪ್ಪಾಳೆ. ಚಿತ್ರವೇನೋ ಜೋರಾಗಿದೆ, ಆದರೆ ಅವಳು ಇರುವುದು ಒಂದೇ ಚೌಕದಲ್ಲಿ. ಉಳಿದದ್ದೆಲ್ಲ ಅವಳನ್ನು ನೋಡುವವರದು.

ಎರಡನೆಯ ನಕ್ಷೆ ಅವಳ ಕಡೆಯಿಂದ. ಮೊದಲ ಚೌಕದಲ್ಲಿ ಸೂಜಿ, ಬಟ್ಟೆ, ಅವಳ ಬೆರಳು. ಮೇಲೆ ಸಣ್ಣದಾಗಿ 'ಕಟ್' ಅಂತ ಸದ್ದು. ಎರಡರಲ್ಲಿ ಅವಳ ಕಣ್ಣು ಮೇಲಕ್ಕೆ. ಮೂರರಲ್ಲಿ ಅವಳಿಗೆ ಕಾಣುವ ಹಾಗೆ ಹಗ್ಗ. ನಾಲ್ಕರಲ್ಲಿ ಟಾರ್ಗೆಟ್ ಬೋರ್ಡ್, ಇವತ್ತಿನ ಲೆಕ್ಕ ಇನ್ನೂ ಅರ್ಧ ಬಾಕಿ. ಐದನೆಯದು ಖಾಲಿ ಕುರ್ಚಿ. ಕೊನೆಯದು ಪುಟದ ಅರ್ಧ ಭಾಗ, ಎತ್ತಿದ ಕೈ, ಕಂಕುಳ ಹಳದಿ, 'ಧಡ್!' ಸೂಪರ್‌ವೈಸರ್ ಎಲ್ಲೂ ಇಲ್ಲ. ನನ್ನ ಪ್ರಕಾರ ಇಡೀ ಪುಸ್ತಕದ ಮುಖ್ಯ ಚೌಕ ನಾಲ್ಕನೆಯದು. ಸಂಬಳ ಹೋದರೂ ಏಳುತ್ತೇನೆ ಅಂತ ಅವಳು ತೀರ್ಮಾನ ಮಾಡುವ ಜಾಗ ಅದು. ಅಲ್ಲಿ ಅವಳ ಮುಖವೂ ಕಾಣುವುದಿಲ್ಲ.

ಉಳಿದದ್ದು ಕೂಲಿ ಕೆಲಸ. ಅಕ್ಷರದ ವಿಷಯದಲ್ಲಿ ಒಂದು ಮಾತು. ಇಂಗ್ಲಿಷ್ ಕಾಮಿಕ್ಸಿನ ಬಲೂನಿನ ಅಳತೆಯನ್ನು ಕನ್ನಡಕ್ಕೆ ಹಾಕಿದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೊಡೆಯುತ್ತದೆ. ಸಾಲಿನ ನಡುವೆ ಜಾಗ ಬಿಡಿ, ಮಾತು ಕಮ್ಮಿ ಮಾಡಿ. ಸೆಂಟರ್ ಪಿನ್ ಹೊಡೆಯುವ ಪುಸ್ತಕವಾದ್ದರಿಂದ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು, ಅದನ್ನು ಕಥೆ ಬರೆಯುವಾಗಲೇ ನೋಡಿಕೊಳ್ಳಿ. ಮುಖಪುಟಕ್ಕೆ "ಸ್ವಲ್ಪ ಗ್ಲಾಮರ್ ಹಾಕಿ" ಅಂತ ಸಲಹೆ ಕೊಡುವವರು ಪ್ರೆಸ್ಸಿನಲ್ಲೂ ಸಿಗುತ್ತಾರೆ. ನಗುತ್ತಾ ಟೀ ಕುಡಿದು ಬನ್ನಿ.

ಹೊಲಿಗೆಯ ಅಕ್ಕನಿಗೆ ಮೊದಲ ಪ್ರತಿ ಕೊಟ್ಟೆ. ಓದಿ ಮುಗಿಸಿ ಕೇಳಿದರು: "ಆಮೇಲೆ? ಮಾರನೇ ದಿನ ಅವಳನ್ನ ಒಳಗೆ ಬಿಟ್ಕೊಂಡ್ರಾ?" ಎರಡನೇ ಸಂಚಿಕೆ ಅಲ್ಲಿಂದಲೇ ಶುರು. ಬಲಗೈ ಮರಗಟ್ಟಿದೆ, ಟಾರ್ಗೆಟ್ ತಪ್ಪಿದೆ, ಎಚ್‌ಆರ್ ರೂಮಿಗೆ ಕರೆ ಬಂದಿದೆ. ಜೊತೆಗೆ ಲೈನಿನ ಇನ್ನೂ ಇಬ್ಬರು ಹೆಂಗಸರು ಎದ್ದು ಬಂದಿದ್ದಾರೆ. ಅವರಿಗೂ ಶಕ್ತಿ ಕೊಡಬೇಕಾ ಬೇಡವಾ ಅಂತ ನಾನೂ ತಮ್ಮನೂ ಇನ್ನೂ ಜಗಳ ಆಡುತ್ತಿದ್ದೇವೆ. ಬೇಡ ಅನ್ನೋದು ನನ್ನ ವಾದ.