ಎರೆ ಮಣ್ಣಿನಲ್ಲಿ ಬಂದರಿಕೆ ಬೇಲಿ

ಗದಗಿನ ನಮ್ಮ ಮನೆಯ ಮುಂದೆ ಕ್ರೋಟನ್ ಇಲ್ಲ, ಬಂದರಿಕೆ ಇದೆ. ಕಪ್ಪತಗುಡ್ಡದ ಕೆಂಪು ಗರಸಿನಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಪೊದೆ. ಎಲೆಯ ಮೇಲೆ ಅಂಟಿನ ಲೇಪವಿದ್ದು, ಬಿಸಿಲಿಗೆ ಎಣ್ಣೆ ಸವರಿದಂತೆ ಮಿಂಚುತ್ತದೆ. ಬೀದಿಯ ಆಡುಗಳು ಮೂಸಿ ನೋಡಿ ಮುಂದೆ ಸಾಗುತ್ತವೆ. ಬೇಲಿಗೆ ಇನ್ನೇನು ಬೇಕು?

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಕೈ ಹಾಕುವಂತಿಲ್ಲ. ಹಾಗಾಗಿ ಬೀಜವನ್ನು ಮುಂಡರಗಿ ಕಡೆಯ ಕಾಕಾ ಅವರ ಹೊಲದ ಬದುವಿನಿಂದ ತಂದೆ. “ಒಲೆಗೆ ಹಾಕುವ ಗಿಡಕ್ಕೆ ನೀರು ಹಾಕುತ್ತೀಯೇನೋ ತಮ್ಮಾ?” ಎಂದು ಅವರು ನಕ್ಕರು.

ಒಣಗಿದ ಕಾಯಿಗೆ ಸಾಮಾನ್ಯವಾಗಿ ಮೂರು ತೆಳು ರೆಕ್ಕೆಗಳಿರುತ್ತವೆ. ಅಂಗೈಯಲ್ಲಿ ತಿಕ್ಕಿ ಊದಿದರೆ ಸಣ್ಣ ಕಪ್ಪು ಬೀಜ ಉಳಿಯುತ್ತದೆ. ಅದರ ಸಿಪ್ಪೆಯೊಳಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಕುದಿಸಿ ಇಳಿಸಿದ ನೀರನ್ನು ಮೇಲೆ ಸುರಿದು ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಉಬ್ಬಿದ ಬೀಜಗಳನ್ನು ಮಾತ್ರ ಆರಿಸಿ ಮರಳು ಬೆರೆಸಿದ ಮಣ್ಣಿನ ಚೀಲಗಳಲ್ಲಿ ಊರುತ್ತೇನೆ. ಉಬ್ಬದೆ ಉಳಿದವಕ್ಕೆ ಇನ್ನೊಮ್ಮೆ ಬಿಸಿನೀರು. ಎರಡು-ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ.

ನಮ್ಮದು ಎರೆ ಮಣ್ಣು; ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ. ಬಂದರಿಕೆ ಬರವನ್ನು ತಾಳುತ್ತದೆ, ಬೇರಿನ ಬುಡದಲ್ಲಿ ನಿಂತ ನೀರನ್ನು ತಾಳುವುದಿಲ್ಲ. ಅದಕ್ಕೆ ಗರಸು ಸುರಿದು ಮೊಣಕಾಲೆತ್ತರದ ಏರಿ ಮಾಡಿಕೊಂಡು, ಮೃಗಶಿರ ಮಳೆ ಬಿದ್ದ ಮೇಲೆ ಅದರ ಮೇಲೆ ನೆಟ್ಟೆ. ಗೊಬ್ಬರ ಹಾಕಲಿಲ್ಲ. ಮೊದಲ ಬೇಸಿಗೆಯಲ್ಲಿ ಆಗಾಗ ನೀರು ಕೊಟ್ಟಿದ್ದು ಬಿಟ್ಟರೆ ಆಮೇಲೆ ಕೊಡ ಎತ್ತಿದ್ದೇ ಇಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಬಂದರಿಕೆಯಲ್ಲಿ ಬಹುಮಟ್ಟಿಗೆ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕಾಯಿ ಕಟ್ಟುವುದು ಹೆಣ್ಣು ಗಿಡ. ಹಸಿರು ಹಳದಿಯ ರೆಕ್ಕೆಗಳು ಬಲಿಯುತ್ತಾ ಗುಲಾಬಿಗೆ ತಿರುಗಿ, ಕೆಂಪಾಗಿ, ಕೊನೆಗೆ ಕಂದಾಗುತ್ತವೆ. ದೂರದಿಂದ ನೋಡಿದವರು ಎಲೆಯೇ ಕೆಂಪಾಗಿದೆ ಎಂದುಕೊಳ್ಳುತ್ತಾರೆ. ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯದು. ಹಾಗಾಗಿ ಒತ್ತೊತ್ತಾಗಿ ನೆಟ್ಟು, ಹೂ ಬಂದ ಮೇಲೆ ಗಂಡು ಗಿಡಗಳಲ್ಲಿ ಹೆಚ್ಚಿನವನ್ನು ತೆಗೆದೆ. ಎಲ್ಲವನ್ನೂ ತೆಗೆಯಬಾರದು, ಪರಾಗವನ್ನು ಗಾಳಿ ಹೊತ್ತು ತರಬೇಕಲ್ಲ.

ಕಾಯಿ ಉದುರಿದ ಮೇಲೆ ಒಂದು ಸಲ ಕುಡಿ ಕತ್ತರಿಸುತ್ತೇನೆ. ಎಲೆಯಿರುವ ಭಾಗದಲ್ಲೇ ಕತ್ತರಿ ಆಡಿಸಿದರೆ ಪಕ್ಕದ ಚಿಗುರು ಒಡೆದು ಪೊದೆ ದಟ್ಟವಾಗುತ್ತದೆ. ಕತ್ತರಿಗೆ ಮೆತ್ತಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಟ್ಟರಾಯಿತು.